ಹಲಸು ತೊಟ್ಟ ಗಿಟಾರು

ಗಾನವಿ ಮದುವೆಯಾಗಿ ಬಂದಾಗ ತವರಿನಿಂದ ತಂದ ಸಾಮಾನಿನಲ್ಲಿ ಅತ್ತೆ ಹೊಂಬಾಳಮ್ಮನ ಕಣ್ಣಿಗೆ ಚುಚ್ಚಿದ್ದು ಒಂದೇ. ಬೀರು ಬಂತು, ಮಿಕ್ಸಿ ಬಂತು, ತಾಮ್ರದ ಹಂಡೆ ಬಂತು. ಅವನ್ನೆಲ್ಲ ಅತ್ತೆ ಮುಟ್ಟಿ ತಟ್ಟಿ ನೋಡಿ ಒಳಗಿಡಿಸಿದಳು. ಕೊನೆಗೆ ಕಾರಿನ ಹಿಂದಿನ ಸೀಟಿನಿಂದ ಉದ್ದನೆಯ ಕರಿ ಚೀಲವೊಂದು ಇಳಿಯಿತು.

"ಅದೇನವ್ವಾ ಅದು, ಎಣ ಸುತ್ತಿದಂಗೆ ಐತೆ?"

"ಬೇಸ್ ಗಿಟಾರು ಅತ್ತೆ. ನಾನು ನುಡಿಸೋದು."

ಚಿಕ್ಕನಾಯಕನಹಳ್ಳಿಯಲ್ಲಿ ಗಾನವಿಯ ಅಪ್ಪ ತಿಪ್ಪಯ್ಯನದು ಮೈಕ್‌ಸೆಟ್ಟಿನ ಅಂಗಡಿ, ಅದರ ಜೊತೆಗೊಂದು ಆರ್ಕೆಸ್ಟ್ರಾ. ಬೇಸ್ ನುಡಿಸುವವನು ಒಂದು ಮದುವೆಯ ದಿನ ಕೈಕೊಟ್ಟಾಗ, ಪಿಯುಸಿ ಓದುತ್ತಿದ್ದ ಮಗಳ ಹೆಗಲಿಗೆ ತಿಪ್ಪಯ್ಯ ಅದನ್ನು ನೇತುಹಾಕಿದ್ದ. ನಾಲ್ಕೇ ತಂತಿ, ಒಂದೊಂದೂ ದಾರದುಂಡೆಯ ಹುರಿಯಷ್ಟು ದಪ್ಪ. ಹಾಡುವವರು ಮೇಲೆ ಎಷ್ಟು ಬೇಕಾದರೂ ಹಾರಾಡಲಿ, ಇದು ಅವರ ಕಾಲ ಕೆಳಗಿನ ನೆಲದ ಹಾಗೆ ಇರಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದ. ಅಂದಿನಿಂದ ಗಾನವಿ ಆ ನೆಲ ಬಿಟ್ಟು ಕದಲಿರಲಿಲ್ಲ. ಮದುವೆಯ ಮಾತುಕತೆಯಲ್ಲೂ ಅವಳು ಕೇಳಿದ್ದು ಒಂದೇ ಮಾತು, ಕಾರ್ಯಕ್ರಮಕ್ಕೆ ಕಳಿಸಬೇಕು ಅಂತ. ರವೀಂದ್ರ ಹೂಂ ಅಂದಿದ್ದ. ಅವನ ಅಪ್ಪ ಮಾಯಣ್ಣ ಏನೂ ಅಂದಿರಲಿಲ್ಲ. ಮಾಯಣ್ಣ ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ.

ದಬ್ಬೇಘಟ್ಟದಿಂದ ಒಳಗೆ, ತೆಂಗಿನ ತೋಟದ ನಡುವೆ ಮನೆ. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಬಿಟ್ಟ ಕಾಯಿ. ಒಳಗಿನ ತಿರುಳು ಒಣಗಿ ಚಿಪ್ಪು ಬಿಟ್ಟುಕೊಂಡ ಕಾಯಿ, ಇಲಿ ಓಡಾಡಿದರೂ ಸಾಕು, ಗಿಟಕ್ ಎಂದು ಅಲುಗುತ್ತಿತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಗಾನವಿ ಆ ಸದ್ದು ಕೇಳುತ್ತ ಮಲಗಿರುತ್ತಿದ್ದಳು. ಯಾರೋ ಮೇಲೆ ಬೆರಳಿಂದ ಒಂದೊಂದೇ ಕಾಯಿ ತಟ್ಟಿ ನೋಡುತ್ತಿದ್ದಾರೆ ಎಂದು ಅನ್ನಿಸುತ್ತಿತ್ತು.

ಆಷಾಢ ಕಳೆಯುವ ಹೊತ್ತಿಗೆ ಕಸ ಗುಡಿಸುತ್ತಿದ್ದ ಹೊಂಬಾಳಮ್ಮನ ಪೊರಕೆ ತಾಕಿ ಗಿಟಾರು ನೆಲಕ್ಕೆ ಬಿತ್ತು. ಸದ್ದು ಹೆಚ್ಚು ಕಡಿಮೆ ಮಾಡುವ ಗುಬಟು ಎರಡು ಹೋಳಾಯಿತು.

"ಬೇಕು ಅಂತ ಬೀಳಿಸಿದ್ನೇನೇ? ದಾರಿಗೆ ಅಡ್ಡ ಇಟ್ಟೋರು ಯಾರು?" ಎಂದು ಅತ್ತೆ ಮೊದಲೇ ಜಗಳಕ್ಕೆ ನಿಂತಳು.

"ನಾನೇನೂ ಅನ್ಲಿಲ್ವಲ್ಲ ಅತ್ತೆ."

"ಅನ್ಲಿಲ್ಲ, ಮುಖ ಅಂತೈತೆ."

ಮುದ್ದೆಯ ಮುಂದೆ ಕೂತಿದ್ದ ಮಾಯಣ್ಣ ತಲೆಯೆತ್ತಿದ. "ಎಲ್ಲಿ, ಆ ಚೂರು ಕೊಡು ಇಲ್ಲಿ."

ಅತ್ತೆ, ಸೊಸೆ, ಪಕ್ಕದಲ್ಲಿ ಉಣ್ಣುತ್ತಿದ್ದ ರವೀಂದ್ರ, ಮೂವರೂ ಅವನತ್ತ ನೋಡಿದರು. ಅವನು ಕೈ ತೊಳೆದು, ಏಣಿ ಹಾಕಿ, ಅಟ್ಟದ ತೊಲೆಗೆ ಕಟ್ಟಿದ್ದ ಗೋಣಿಚೀಲವನ್ನು ಇಳಿಸಿದ. ಒಳಗೆ ಉಳಿ, ಕೊಡತಿ, ಅರ, ಎಲ್ಲಕ್ಕೂ ತುಕ್ಕು. ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳ ಬಾಗಿಲವಾಡಕ್ಕೆಲ್ಲ ಬಳ್ಳಿ ಕೆತ್ತಿದವನು ಅವನು ಎಂಬುದನ್ನು ಗಾನವಿ ಕೇಳಿದ್ದಳು, ಕಂಡಿರಲಿಲ್ಲ. ಮಗಳು ಯೋಗಿತಾ ಹದಿನಾರಕ್ಕೆ ಜ್ವರ ಬಂದು ತೀರಿಕೊಂಡ ವರ್ಷ ಉಳಿ ಕಟ್ಟಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಆ ಮಗಳ ವಿಷಯ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಹಲಸಿನ ಮರದ ಹಳದಿ ಗುಬಟು ಸಿದ್ಧವಾಗಿತ್ತು. ನುಣುಪಾಗಿ, ಬೆರಳಿಗೆ ಬೆಚ್ಚಗೆ ಸಿಗುವಂತೆ.

"ಎಷ್ಟು ಚೆನ್ನಾಗಿದೆ ಮಾವ!" ಎಂದಳು ಗಾನವಿ. ಸುಮ್ಮನೆ ಅಂದದ್ದಲ್ಲ.

"ಉಳಿದವೂ ಪ್ಲಾಸ್ಟಿಕ್ಕೇ ಅಲ್ವಾ? ಅವುನ್ನೂ ತಗುದ್ರೆ ಆಯ್ತು" ಎಂದ ಮಾಯಣ್ಣ. ಆ ರಾತ್ರಿ ಅವನು ಅರ್ಧ ಮುದ್ದೆ ಹೆಚ್ಚು ಉಂಡ. ಹೊಂಬಾಳಮ್ಮ ಸಾರು ಬಡಿಸುತ್ತ ಸೌಟು ಹಿಡಿದೇ ನಿಂತುಬಿಟ್ಟಳು.

ಅಲ್ಲಿಂದ ಅವನ ಕೈ ನಿಲ್ಲಲಿಲ್ಲ. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ ಬಂದರೆ ಜಗಲಿಯ ಮೇಲೆ ಗಿಟಾರು, ಮಾಯಣ್ಣ, ಸುತ್ತ ಮರದ ಹೊಟ್ಟು. ತಂತಿಯ ಕೆಳಗಿನ ಕರಿಯ ಬಿಲ್ಲೆ ಹೋಗಿ ತೆಂಗಿನ ಕಾಂಡದ ಚುಕ್ಕೆ ಚುಕ್ಕೆ ಹಲಗೆ ಬಂತು. ತಲೆಯ ಕಡೆ ಹಲಸಿನ ತೆಳು ಹೊದಿಕೆ, ಅದರ ಮೇಲೆ ಈಗ ತಾನೆ ಬಿರಿದ ತೆಂಗಿನ ಹೊಂಬಾಳೆಯ ಕೆತ್ತನೆ. ಆರ್ಕೆಸ್ಟ್ರಾದ ಹಳೇ ಕರಿ ಗಿಟಾರು ಯಾವುದೋ ದೇವರ ಮನೆಯ ವಾದ್ಯದ ಹಾಗೆ ಕಾಣತೊಡಗಿತು. ದಾರಿಯಲ್ಲಿ ಹೋಗುವವರು ಜಗಲಿಗೆ ಬಂದು ನೋಡಿ ಹೋದರು. ಹೊಂಬಾಳಮ್ಮ ಕೂಡ ಒಂದು ದಿನ ಸೆರಗಿನಿಂದ ಅದರ ಧೂಳು ಒರೆಸಿದಳು. ಮನೆಯಲ್ಲಿ ಮಾತು ಹುಟ್ಟಿತು, ನಗು ಹುಟ್ಟಿತು. ಮಾವ ತುರುವೇಕೆರೆ ಸಂತೆಗೆ ಹೋದವನು ಎಳ್ಳಿನ ಚಿಗಳಿಯ ಪೊಟ್ಟಣ ತಂದು ಗಾನವಿಯ ಮುಂದೆ ಇಟ್ಟ.

"ನಿಂಗೆ ಪ್ರಾಣ ಅಲ್ವಾ ಮಗಾ ಇದು."

ಗಾನವಿಗೆ ಎಳ್ಳು ಸೇರುತ್ತಿರಲಿಲ್ಲ. ಆದರೂ ಅವನ ಮುಖ ನೋಡಿ ಒಂದು ತಿಂದಳು.

ಆಮೇಲೆ ಅವನು ತೋಳು ಒರಗಿಸುವ ದಿಂಡು ಮಾಡಿದ. ನುಡಿಸುವಾಗ ಬಲ ಮುಂಗೈ ಗಿಟಾರಿನ ಮೇಲಂಚಿಗೆ ಒತ್ತಿ ನೋಯುತ್ತದೆ ಎಂದು ಅವಳೇ ಹೇಳಿದ್ದಳು. ಹಲಸಿನ ಮರವನ್ನು ಕೈಯ ಇಳಿಜಾರಿಗೆ ತಕ್ಕಂತೆ ಬಾಗಿಸಿ ಕೆತ್ತಿ, ಅಂಟು ಹಾಕಿ, ಒಳಗಿನಿಂದ ತಿರುಪು ಬಿಗಿದಿದ್ದ. ಕೆಲಸ ಚೊಕ್ಕವಾಗಿತ್ತು. ಕೂರಿಸಿದ್ದು ಮಾತ್ರ ಕೆಳಗಿನ ಅಂಚಿಗೆ.

"ಮಾವ, ಇದು ಮೇಲ್ಗಡೆ ಬರ್ಬೇಕಿತ್ತು."

"ಯಾಕೆ? ತೋಳು ಒರಗ್ಸೋಕೆ ತಾನೆ?"

"ಹೌದು, ಬಲಗೈ ತೋಳು."

ಮಾಯಣ್ಣ ಗಿಟಾರನ್ನು ತೊಡೆಯ ಮೇಲೆ ಎತ್ತಿಕೊಂಡ. ಅದರ ತಲೆ ಬಲಕ್ಕೆ ಬರುವಂತೆ ತಿರುಗಿಸಿದ. ಕೆಳಗಿನ ಅಂಚು ಮೇಲಾಯಿತು. ಎಡ ತೋಳನ್ನು ದಿಂಡಿನ ಮೇಲೆ ಮೆಲ್ಲಗೆ ಒರಗಿಸಿದ. ಅವನ ತೋಳಿಗೆ ಅದು ಚಿಕ್ಕದು. ಸಣ್ಣ ಕೈಯೊಂದರ ಅಳತೆಯದು.

"ಸರಿಯಾಗೇ ಕೂತೈತಲ್ಲ ಮಗಾ" ಎಂದ.

ಮಾರನೆಯ ದಿನ ರವೀಂದ್ರನ ಜೊತೆ ಡೇರಿಗೆ ಹಾಲು ಹಾಕಲು ಸ್ಕೂಟರಿನಲ್ಲಿ ಹೋಗುವಾಗ ಗಾನವಿ ಕೇಳಿದಳು. "ನಿಮ್ಮ ತಂಗಿ ಎಡಗೈಯವಳಾ?"

ರವೀಂದ್ರ ಸ್ಕೂಟರು ನಿಧಾನ ಮಾಡಿದ. "ಯಾರು ಹೇಳಿದ್ದು ನಿಂಗೆ?"

"ನಿಮ್ಮಪ್ಪ ಆ ಗಿಟಾರನ್ನ ನನಗೆ ಮಾಡ್ತಿಲ್ಲ ಕಣ್ರೀ."

ಅವನು ಹಾದಿಯ ಗುಂಡಿ ತಪ್ಪಿಸಿ ಮುಂದೆ ಬಿಟ್ಟ. "ಹುಟ್ಟಿದಾರಭ್ಯ ಎಡಚಿ ಅವಳು. ಅದಕ್ಕೇ ಅವ್ವನ ಕೈಲಿ ದಿನಾ ಬೈಗಳ... ಈಗ್ಯಾಕೆ ಅದೆಲ್ಲ? ಬಲಗೈಲಿ ನುಡಿಸೋಕೆ ಆಗಲ್ವಾ ಈಗ?"

"ಆಗತ್ತೆ. ಹೊಟ್ಟೆಗೆ ಒತ್ತತ್ತೆ."

"ಸ್ವಲ್ಪ ಒತ್ಲಿ ಬುಡೇ. ಅಪ್ಪ ಮಾತಾಡ್ತಾವ್ನೆ, ಉಣ್ತಾವ್ನೆ. ನಮ್ಮನೇಲಿ ಯಾರಾದ್ರೂ ನಕ್ಕು ಎಷ್ಟು ವರ್ಷ ಆಗಿತ್ತು ಗೊತ್ತಾ? ಪುಣ್ಯ ಬತ್ತದೆ ನಿಂಗೆ."

ಗಾನವಿ ಹಾಲಿನ ಕ್ಯಾನನ್ನು ತೊಡೆಗೆ ಒತ್ತಿ ಹಿಡಿದು ಕೂತಳು. ಅವನು ಹೇಳಿದ್ದೂ ಸುಳ್ಳಲ್ಲ.

ಶ್ರಾವಣದ ನಡುವೆ ಹೊಂಬಾಳಮ್ಮನೂ ಮೆತ್ತಗಾದಳು. ಶನಿವಾರ ಸೊಸೆಯನ್ನು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ ತಲೆಗೆ ಹರಳೆಣ್ಣೆ ತಟ್ಟಿದಳು. ಎಣ್ಣೆ ಇಳಿಯುವಂತೆ ತಿಕ್ಕಿ, ಬೈತಲೆ ತೆಗೆದು, ಹೆಣೆದಳು. ಗಾನವಿ ಕೈ ಹಿಂದಕ್ಕೆ ಮಾಡಿ ಮುಟ್ಟಿ ನೋಡಿದರೆ ಎರಡು ಜಡೆ.

"ಅತ್ತೆ, ಇದೇನು, ಸ್ಕೂಲು ಹುಡುಗಿ ತರ?"

"ಇರ್ಲಿ. ಒಂದು ಹೊತ್ತು ಇರ್ಲಿ" ಎಂದಳು ಅತ್ತೆ, ಬೆನ್ನ ಹಿಂದಿನಿಂದ. ಮುಖ ಕಾಣಲಿಲ್ಲ.

ಬಿಚ್ಚಬೇಕೆಂದುಕೊಂಡಳು. ಸಂಜೆಯವರೆಗೂ ಕೆಲಸ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ತಾನೇ ಎರಡು ಜಡೆ ಹೆಣೆದುಕೊಳ್ಳುತ್ತಿರುವುದು ಕನ್ನಡಿಯಲ್ಲಿ ಕಂಡಿತು.

ಅದೇ ವಾರ ಚಟ್ನಿಗೆ ಕಾಯಿ ತುರಿಯಲು ಕೂತಾಗ ತುರಿಮಣೆಯ ಹಲ್ಲು ಮುರಿಯಿತು. ರಾಗಿ ಡ್ರಮ್ಮಿನ ಹಿಂದೆ ಇನ್ನೊಂದು ಪುಟ್ಟ ತುರಿಮಣೆ ಇತ್ತು, ಮಾಯಣ್ಣನ ಕೈಕೆಲಸ. ಹಿಂದೊಮ್ಮೆ ಅದನ್ನು ತೆಗೆದಾಗ "ಅದು ಯಾರ್ಗೂ ಒಗ್ಗಲ್ಲ, ಇಡು ಅಲ್ಲೇ" ಎಂದು ಅತ್ತೆ ಗದರಿದ್ದಳು. ನಿಜವೇ, ಆಗ ಗಾನವಿ ಅದರಲ್ಲಿ ತುರಿಯಲು ಹೋಗಿ ಬೆರಳು ಕುಯ್ದುಕೊಂಡಿದ್ದಳು. ಈಗ ಹೋಳು ಒತ್ತಿದರೆ ಹೂವಿನ ಹಾಗೆ ಉದುರಿತು. ತಟ್ಟೆ ತುಂಬಿದ ಮೇಲೆ ಗಾನವಿ ನೋಡಿಕೊಂಡಳು. ಹೋಳು ಹಿಡಿದಿದ್ದದ್ದು ಎಡಗೈ.

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ತಂತಿ ಒತ್ತಿ ಒತ್ತಿ ಎಡಗೈಗೆ ಮೊದಲೇ ಬಲ ಬಂದಿದೆ, ಅದಕ್ಕೇ ಎಂದು ಸಮಾಧಾನ ಮಾಡಿಕೊಂಡಳು.

ಕಾಯಿ ಸುಲಿದ ಸಿಪ್ಪೆ ಗುಡ್ಡೆ ಹಾಕಲು ಬರುತ್ತಿದ್ದ ಅಂಕಮ್ಮ ವಯಸ್ಸಾದವಳು, ಆ ಮನೆಯ ಹಳೇ ಆಳು. ಒಂದು ಮಟಮಟ ಮಧ್ಯಾಹ್ನ ಗಾನವಿ ತೋಟದ ಕೊನೆಯ ಬದುವಿನಲ್ಲಿ ಹಸುವಿಗೆ ಹುಲ್ಲು ಕುಯ್ಯುತ್ತಿದ್ದಳು. ಗಾಳಿ ಇರಲಿಲ್ಲ. ಗರಿ ಒಂದೂ ಅಲುಗುತ್ತಿರಲಿಲ್ಲ. ಮರದ ನೆರಳೆಲ್ಲ ಬುಡಕ್ಕೆ ಬಂದು ಮುದುಡಿ ಕೂತಿತ್ತು. ಹಿಂದೆ ಯಾರೋ ಮಂಕರಿ ಕೆಳಕ್ಕೆ ಬಿಟ್ಟ ಸದ್ದಾಯಿತು.

"ಯೋಗವ್ವಾ!"

ಗಾನವಿ ತಿರುಗಿದಳು. ಅಂಕಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ಸಿಪ್ಪೆಯ ಗುಡ್ಡೆಗೆ ಒರಗಿದ್ದಳು. ತುಟಿ ಬಿಳಿಚಿತ್ತು.

"ನಾನು ಅಂಕಮ್ಮಾ, ಗಾನವಿ."

"ಅಯ್ಯೋ ನನ್ನವ್ವ... ಬೆನ್ನು ಕಂಡು ಎದೆ ಒಡ್ದೋಯ್ತು ಕಣವ್ವ. ಆ ಜಡೆ ಯಾರು ಹಾಕಿದ್ದು? ಕುಡ್ಲು ಆ ಕೈಗೆ ಯಾಕೆ ತಗಂಡೆ?"

ಗಾನವಿ ಕುಡುಗೋಲನ್ನು ನೋಡಿದಳು. ಎಡಗೈಯಲ್ಲಿತ್ತು. ಮುಂದೆ ಬದುವಿನ ಉದ್ದಕ್ಕೂ ಹುಲ್ಲು ಒಂದೇ ಸಮನಾಗಿ, ಬುಡಕ್ಕೆ ಕತ್ತರಿಸಿ ಬಿದ್ದಿತ್ತು. ಬಲಗೈಯಲ್ಲೂ ಅವಳು ಎಂದೂ ಅಷ್ಟು ಚೆನ್ನಾಗಿ ಕುಯ್ದಿರಲಿಲ್ಲ.

ಅಂಕಮ್ಮ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹೇಳಿದಳು. "ಆ ಮಗೀಗೆ ಉಣ್ಣಕ್ಕೆ ಕೂತಾಗೆಲ್ಲ ಎಡಗೈ ಬೆನ್ನಿಗೆ ಕಟ್ಟೋಳು ನಿಮ್ಮತ್ತೆ, ಹಳೇ ಸೀರೆ ಹರಿದು. ಕೆಟ್ಟೋಳಲ್ಲ ಕಣವ್ವ ಅವಳು. ಮಗಳು ನಾಕು ಮನೇಲಿ ಬಾಳ್ಬೇಕು, ಎಡಗೈಲಿ ಬಡಿಸಿದ್ರೆ ಯಾರು ಉಣ್ತಾರೆ ಅಂತ. ಆ ಕೂಸು ಒಂದೊಂದು ತುತ್ತಿಗೂ ಒಂದು ಗಳಿಗೆ ತಗಳೋದು. ಊರೆಲ್ಲ ಉಂಡು ಎದ್ರೂ ಅದು ತಟ್ಟೆ ಮುಂದೇನೇ." ಆಮೇಲೆ ಸೆರಗು ಕೊಡವಿ ಎದ್ದಳು. "ಜಡೆ ಬಿಚ್ಚವ್ವ. ನಿಮ್ಮಪ್ಪನ ಮನೆಗಾದ್ರೂ ನಾಕು ದಿನ ಹೋಗಿ ಬಾ."

ಹೋಗಲು ಅವಳಿಗೂ ಕಾರಣವಿತ್ತು. ಗಣೇಶನ ಹಬ್ಬದ ಕಾರ್ಯಕ್ರಮಗಳು ಶುರುವಾಗುತ್ತಿದ್ದವು. ತಿಪಟೂರಿನಲ್ಲಿ ಮೊದಲನೆಯದು. ಆ ರಾತ್ರಿ ಊಟಕ್ಕೆ ಕೂತಾಗ ಹೇಳಬೇಕೆಂದುಕೊಂಡಳು.

ಹುರುಳಿ ಬಸ್ಸಾರು, ಬಿಸಿ ಮುದ್ದೆ. ಮಾಯಣ್ಣ, ರವೀಂದ್ರ ಎದುರಿಗೆ. "ಮಾವ, ನಾಳಿದ್ದು ನಾನು..." ಎನ್ನುತ್ತ ಗಾನವಿ ಮುದ್ದೆ ಮುರಿದಳು. ಮುಂದಿನ ಮಾತು ಹೊರಡುವ ಮೊದಲೇ ಹೊಂಬಾಳಮ್ಮನ ಕೈ ಬಂದು ಅವಳ ಎಡ ಮಣಿಕಟ್ಟನ್ನು ಹಿಡಿಯಿತು. ಹಿಡಿದು ತಟ್ಟೆಯಿಂದ ಎಳೆದು, ಬೆನ್ನ ಹಿಂದಕ್ಕೆ ತಿರುಚಿತು. ಎಷ್ಟೋ ವರ್ಷದ ಅಭ್ಯಾಸದ ಹಿಡಿತ. ಇನ್ನೊಂದು ಕೈ ಆಗಲೇ ಸೆರಗನ್ನು ಹುರಿ ಮಾಡುತ್ತಿತ್ತು.

"ಎಷ್ಟು ಸಲ ಹೇಳ್ಬೇಕೇ ನಿಂಗೆ, ಯೋಗಿ? ಎಷ್ಟು ಸಲ?"

ಅಟ್ಟದಲ್ಲಿ ಒಂದು ಕಾಯಿ ಅಲುಗಿತು.

"ಬುಡೇ ಅವಳ ಕೈಯ!" ಮಾಯಣ್ಣ ಎದ್ದು ನಿಂತ. ತಟ್ಟೆ ಉರುಳಿ ಸಾರು ಹರಿಯಿತು. "ಇವತ್ತಾದ್ರೂ ಬುಡೇ! ಜ್ವರದಾಗೆ ಕೈ ಎತ್ತಕ್ಕಾಗ್ದೆ ಇರೋಳಿಗೂ ಬಲಗೈಲೇ ಲೋಟ ಹಿಡಿ ಅಂದೋಳು ನೀನು. ಗಂಜಿ ಎದೆ ಮೇಲೆ ಚೆಲ್ಕಂಡ್ಲು ನನ್ನ ಮಗಳು."

"ನಾನು ಯಾರಿಗೋಸ್ಕರ ಮಾಡ್ದೆ? ಕೊಟ್ಟ ಮನೇಲಿ ಮಾತು ಬರ್ಬಾರ್ದು ಅಂತ ಮಾಡ್ದೆ! ನೀವು ಮುದ್ದು ಮಾಡಿ ಎಡಗೈ ಮಣೆ, ಎಡಗೈ ಸೌಟು ಕೆತ್ತಿ ಕೊಟ್ರಿ. ಬೈಯ್ಯೋಳು ನಾನು, ದೇವ್ರಂತೋರು ನೀವು!"

"ದೇವ್ರು ಇದ್ದಿದ್ರೆ ಅವಳು ಯಾಕೆ ಹೋಗೋಳೇ?"

"ಅಪ್ಪಾ, ಅವ್ವಾ, ಸಾಕು ಬುಡ್ರಿ" ಎಂದ ರವೀಂದ್ರ. ಅವನ ಕೆನ್ನೆ ಒದ್ದೆಯಾಗಿತ್ತು.

ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗಾನವಿಯ ಕೈ ಇನ್ನೂ ಹೊಂಬಾಳಮ್ಮನ ಹಿಡಿತದಲ್ಲೇ ಇತ್ತು. ಬೆರಳು ಮರಗಟ್ಟುತ್ತಿದ್ದವು.

"ಅತ್ತೆ, ನಾನು ಗಾನವಿ" ಎಂದಳು.

ಯಾರೂ ತಿರುಗಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

ಬೆಳಿಗ್ಗೆ ಎಲ್ಲರೂ ಏನೂ ಆಗಿಲ್ಲವೆಂಬಂತೆ ಇದ್ದರು. ಗಾನವಿ ಊರಿಗೆ ಹೊರಡುವ ಮುನ್ನ ಒಮ್ಮೆ ನುಡಿಸಿ ನೋಡೋಣವೆಂದು ಪಡಸಾಲೆಯಲ್ಲಿ ಗಿಟಾರಿನ ವಯರನ್ನು ಪುಟ್ಟ ಸ್ಪೀಕರಿಗೆ ಸಿಕ್ಕಿಸಿ ಕೂತಳು. ಮೊದಲ ಸ್ವರವೇ ತಪ್ಪಿತು. ದಪ್ಪ ತಂತಿ ಇರಬೇಕಾದಲ್ಲಿ ಸಣ್ಣ ತಂತಿ ಇತ್ತು. ನಾಲ್ಕೂ ತಲೆಕೆಳಗು.

"ತಲೆ ಹೊದಿಕೆ ಸಡ್ಲ ಆಗಿತ್ತು, ಮತ್ತೆ ಕೂರ್ಸೋಕೆ ಮೊನ್ನೆ ತಂತಿ ಬಿಚ್ಚಿದ್ದೆ. ಹೆಂಗಿತ್ತೋ ಹಂಗೇ ಕಟ್ಟಿವ್ನಿ" ಎಂದ ಬಾಗಿಲಲ್ಲಿ ನಿಂತಿದ್ದ ಮಾಯಣ್ಣ.

"ಹಂಗೇ ಕಟ್ಟಿಲ್ಲ ಮಾವ! ನೋಡಿ ಇಲ್ಲಿ. ಹೀಗೆ ಇದ್ರೆ ನಾನು ನುಡಿಸೋದು ಹೆಂಗೆ? ಇದನ್ನ ಹಿಂಗೆ ತಿರುಗಿಸ್ಕೊಂಡು, ಈ ಕೈಲಿ..."

ಸಿಟ್ಟಿನಲ್ಲಿ, ಅವನಿಗೆ ತೋರಿಸಲೆಂದೇ, ಗಿಟಾರನ್ನು ತಿರುಗಿಸಿ ಹಿಡಿದಳು. ಎಡ ತೋಳು ಹಲಸಿನ ದಿಂಡಿನ ಮೇಲೆ ಹೋಗಿ ಕೂತಿತು. ಅಳತೆ ಕೊಟ್ಟು ಹೊಲಿಸಿದ ಕುಪ್ಪಸದ ಹಾಗೆ. ಎಡಗೈಯ ಎರಡು ಬೆರಳು ತಂತಿಯ ಮೇಲೆ ನಡೆದವು. ಆರು ವರ್ಷ ಬಲಗೈಯಲ್ಲಿ ಕಲಿತದ್ದನ್ನು ಅವು ಒಂದೂ ತಪ್ಪಿಲ್ಲದೆ ನುಡಿಸಿದವು. ತಾಳ ಬಿಡದೆ, ತುಂಬ ನಿರಾಳವಾಗಿ. ನಿಲ್ಲಿಸಬೇಕು ಅಂದುಕೊಂಡಳು. ಬೆರಳು ಇನ್ನೊಂದು ಸುತ್ತು ನುಡಿಸಿಯೇ ನಿಂತವು. ನೆಲ ಮಿಡಿಯುತ್ತಿತ್ತು. ಅಟ್ಟದ ಕಾಯಿಗಳೆಲ್ಲ ಒಟ್ಟಿಗೆ ಗಿಟಗಿಟ ಅನ್ನುತ್ತಿದ್ದವು.

ಮಾಯಣ್ಣ ಕಣ್ಣು ಮುಚ್ಚಿ ಬಾಗಿಲವಾಡಕ್ಕೆ ಒರಗಿದ್ದ. "ಹೂಂ. ಈಗ ಸರಿಹೋಯ್ತು ನೋಡು" ಎಂದ.

ಗಾನವಿ ಗಿಟಾರನ್ನು ಚಾಪೆಯ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿ, ಬರಿಗೈಯಲ್ಲಿ ಬಸ್ಸಿಗೆ ನಡೆದಳು.

ಚಿಕ್ಕನಾಯಕನಹಳ್ಳಿಯಲ್ಲಿ ಅವಳ ಅವ್ವ ಮೊದಲು ಕೇಳಿದ್ದು, "ಇದ್ಯಾಕೆ ಎಡಗೈಲಿ ಲೋಟ ಕೊಡ್ತಿದೀಯ?" ಎಂದು. ತಿಪ್ಪಯ್ಯ ಏನೂ ಕೇಳದೆ ಅಂಗಡಿಯ ಹಳೇ ಗಿಟಾರೊಂದನ್ನು ಇಳಿಸಿಕೊಟ್ಟ. ಬಲಗೈ ತಂತಿಯ ಮೇಲೆ ಎಳೆ ಮಗುವಿನ ಕೈಯಂತೆ ತಡವರಿಸಿತು. ಗಾನವಿ ಶಟರ್ ಎಳೆದುಕೊಂಡು ದಿನವೆಲ್ಲ ಕೂತಳು. ಬೆರಳಿಗೆ ಬೊಬ್ಬೆ ಬಂತು. ತಿಪಟೂರಿನ ಕಾರ್ಯಕ್ರಮ ತಪ್ಪಿಹೋಯಿತು, ಅದರ ಮುಂದಿನದೂ ತಪ್ಪಿತು. ಮೂರನೆಯದಕ್ಕೆ ಹೋಗಿ, ವೇದಿಕೆಯ ಹಿಂದಿನ ಸಾಲಿನಲ್ಲಿ ನಿಂತು, ಬಲಗೈಯನ್ನೇ ನೋಡುತ್ತ ನುಡಿಸಿದಳು. ತಪ್ಪಾಯಿತು, ಆದರೂ ಹಾಡು ಬೀಳಲಿಲ್ಲ.

ರವೀಂದ್ರ ಕರೆದೊಯ್ಯಲು ಬಂದ. "ಅಪ್ಪ ಮತ್ತೆ ಮಾತು ಬಿಟ್ಟವ್ನೆ" ಎಂದ.

"ನಾನು ಬತ್ತೀನಿ. ಆದ್ರೆ ಅವರಿಬ್ರ ಹತ್ರ ಮಾತಾಡ್ಬೇಕು. ನೀವು ನನ್ನ ಕಡೆ ನಿಲ್ಬೇಕು. ಒತ್ಲಿ ಬುಡು ಅಂತ ಮತ್ತೆ ಅನ್ಬಾರ್ದು."

ಅವನು ತಲೆ ತಗ್ಗಿಸಿ ಹೂಂಗುಟ್ಟಿದ.

ಪಿತೃಪಕ್ಷ ಮುಗಿಯುತ್ತ ಬಂದಿತ್ತು. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಗೆಂದು ಹೊಂಬಾಳಮ್ಮ ಕಜ್ಜಾಯಕ್ಕೆ ಅಕ್ಕಿ ಒಣಹಾಕಿದ್ದಳು. ಸೊಸೆ ಅವಳ ಪಕ್ಕ ಕೂತು ಅಕ್ಕಿ ಕೆದರುತ್ತ ಕೇಳಿದಳು. "ಅತ್ತೆ, ಯೋಗಿತಾಗೆ ಎಡೆ ಇಡ್ತೀರಾ?"

"ಮಕ್ಳಿಗೆ ಎಂಥ ಎಡೆ? ಹಿರೀಕ್ರಿಗೆ ಇಡಾದು."

"ಇಷ್ಟು ವರ್ಷದಲ್ಲಿ ಒಂದು ಸಲಾನೂ ಇಟ್ಟಿಲ್ವಾ?"

ಹೊಂಬಾಳಮ್ಮ ಅಕ್ಕಿಯ ಮೇಲೆ ಕೈ ಆಡಿಸುತ್ತಲೇ ಇದ್ದಳು. "ಇಟ್ರೆ ಸತ್ತೋದ್ಲು ಅಂದಂಗೆ ಕಣೇ."

"ಸತ್ತೋಗವ್ಳೆ ಅತ್ತೆ." ಗಾನವಿ ಅಕ್ಕಿಯಿಂದ ಕೈ ತೆಗೆದಳು. "ಇಲ್ಲ ಅಂತ ನೀವು ಅಂದ್ರೆ ನಾನು ಸಾಯ್ಬೇಕಾಗತ್ತೆ. ಒಬ್ರಿಗೇ ಜಾಗ ಇರೋದು. ನನ್ನ ಕೈ ನನ್ನ ಮಾತು ಕೇಳ್ತಿಲ್ಲ. ಆ ಗಿಟಾರು ಅವಳದೇ ಇರ್ಲಿ, ಮಾವ ಅವಳಿಗೇ ಮಾಡಿದ್ದು. ನಾನು ಅದನ್ನ ಮತ್ತೆ ಮುಟ್ಟಲ್ಲ. ಅವಳಿಗೆ ಕೊಡೋದನ್ನ ಅವಳಿಗೇ ಕೊಡಿ. ನನಗೆ ಕೊಡ್ಬೇಡಿ."

ಅಂಗಳದಾಚೆ ಹಸುವಿಗೆ ನೀರು ತೋರಿಸುತ್ತಿದ್ದ ಮಾಯಣ್ಣ ಬಕೆಟ್ಟು ಕೆಳಗಿಟ್ಟಿದ್ದ. ರವೀಂದ್ರ ಬಂದು ಹೆಂಡತಿಯ ಪಕ್ಕ ನಿಂತ. "ಅವಳು ಹೇಳೋದು ಸರಿ ಅವ್ವ" ಎಂದ. "ನನಗೂ ನನ್ನ ತಂಗಿ ಹೆಸರು ಹೇಳಿ ಒಂದ್ಸಲ ಅಳ್ಬೇಕು."

ಅಮಾವಾಸ್ಯೆಯ ಮಧ್ಯಾಹ್ನ ನಡುಮನೆಯನ್ನು ಸಾರಿಸಿ ಹಿರಿಯರ ಸಾಲಿಗೆ ಎಲೆ ಹಾಕಿದರು. ರವೀಂದ್ರ ಹಳೇ ಸ್ಕೂಲು ಕಾರ್ಡಿನ ಚಿತ್ರವನ್ನು ತುರುವೇಕೆರೆಯಲ್ಲಿ ದೊಡ್ಡದು ಮಾಡಿಸಿ ತಂದಿದ್ದ. ಗಾನವಿ ಅದನ್ನು ಮೊದಲ ಸಲ ನೋಡಿದಳು. ದುಂಡು ಮುಖ, ಅಗಲ ಹುಬ್ಬು, ನಗು ತಡೆದ ತುಟಿ. ತನಗೂ ಅವಳಿಗೂ ಒಂದು ಹೋಲಿಕೆಯೂ ಇರಲಿಲ್ಲ. ಹೋಲಿಕೆಯೇ ಬೇಕಿಲ್ಲದೆ ಇಷ್ಟೆಲ್ಲ ಆಗಿತ್ತೆಂದು ಅವಳಿಗೆ ಇನ್ನಷ್ಟು ಭಯವಾಯಿತು.

ಮಾಯಣ್ಣ ಗಿಟಾರನ್ನು ತಂದು ಚಿತ್ರದ ಪಕ್ಕದ ಗೋಡೆಗೆ ಒರಗಿಸಿದ. ಹಲಸಿನ ಮೇಲೆ ಕೊಬ್ಬರಿ ಎಣ್ಣೆ ತಿಕ್ಕಿದ್ದ, ಜೇನಿನ ಬಣ್ಣ ಬಂದಿತ್ತು. ಹೊಂಬಾಳಮ್ಮ ಹೊಸ ಲಂಗ ಇಟ್ಟಳು, ಕಜ್ಜಾಯ ಇಟ್ಟಳು, ಚಿಗಳಿ ಇಟ್ಟಳು, ಮುದ್ದೆ ಇಟ್ಟು ಕೋಳಿ ಸಾರು ಬಿಟ್ಟಳು. ಎಲ್ಲ ಆದ ಮೇಲೆ ಎಲೆಯನ್ನೇ ನೋಡುತ್ತ ಕುಕ್ಕುರುಗಾಲಲ್ಲಿ ಕೂತಳು. ಸಾಲಿನ ಎಲೆಗಳೆಲ್ಲ ತುದಿ ಎಡಕ್ಕೆ, ಬಲಗೈಯಲ್ಲಿ ಉಣ್ಣುವವರಿಗೆ ಹಾಕುವ ಹಾಗೆ ಹಾಕಿದ್ದವು. ಅವಳು ಎರಡೂ ಕೈಯಲ್ಲಿ ಮಗಳ ಎಲೆಯನ್ನು ಹಿಡಿದು, ಸಾರು ಚೆಲ್ಲದಂತೆ, ಮೆಲ್ಲಮೆಲ್ಲಗೆ ತಿರುಗಿಸಿದಳು. ತುದಿ ಬಲಕ್ಕೆ ಬಂತು.

"ಉಣ್ಣವ್ವ, ಯೋಗಿ" ಎಂದಳು. "ಹೆಂಗೆ ಬೇಕೋ ಹಂಗೆ ಉಣ್ಣು."

ಪದ್ಧತಿಯಂತೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹಿರಿಯರು ಉಣ್ಣುವ ಹೊತ್ತು, ಯಾರೂ ನೋಡಬಾರದು. ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ಮಾಯಣ್ಣ ಕಲ್ಲಿನ ಮೇಲೆ ಕೂತ, ರವೀಂದ್ರ ಕಂಬ ಹಿಡಿದು ನಿಂತ. ಗಾನವಿ ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು. ಕಾಗೆಯೂ ಕೂಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ರವೀಂದ್ರ ಬಾಗಿಲಿನತ್ತ ಹೆಜ್ಜೆ ಇಟ್ಟ.

"ತಡಿ ಮಗಾ" ಎಂದಳು ಹೊಂಬಾಳಮ್ಮ. "ಅವಳು ಉಣ್ಣೋದು ನಿಧಾನ."

"ಎಡಗೈಲಿ ಉಂಡ್ರೆ ಬೇಗ ಉಣ್ತಾಳೆ ಕಣೇ" ಎಂದ ಮಾಯಣ್ಣ.

ಆಗ ಒಳಗಿನಿಂದ ಸದ್ದು ಬಂತು. ಗಿಟಾರಿಗೆ ವಯರು ಸಿಕ್ಕಿಸಿರಲಿಲ್ಲ, ಸ್ಪೀಕರು ಗಾನವಿಯ ಕೋಣೆಯ ಮಂಚದ ಕೆಳಗಿತ್ತು. ಆದರೂ ಬಂತು. ಅತ್ಯಂತ ಕೆಳಗಿನ ತಂತಿಯ ಒಂದೇ ಒಂದು ಸ್ವರ, ಹೊಸ್ತಿಲ ಕಲ್ಲಿನ ಮೂಲಕ ಬಂದು ಅವರ ಅಂಗಾಲಿಗೆ ತಾಕಿ, ಮೆಲ್ಲಗೆ ಆರಿತು.

ಗಾನವಿ ತನ್ನ ಕೈಗಳನ್ನು ಹೊರತೆಗೆದು ಬಿಸಿಲಿಗೆ ಹಿಡಿದು ನೋಡಿಕೊಂಡಳು. ಬಲಗೈ, ಎಡಗೈ. ಎರಡೂ ತಣ್ಣಗಿದ್ದವು, ಎರಡೂ ಅವಳವೇ.

ಹೊಂಬಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಉಂಡ್ಲು" ಎಂದಳು. "ಬಾಗ್ಲು ತೆಗಿ ಗಾನವಿ. ನಾವೂ ಉಣ್ಣಣ."